ಐದನೇ ಗುಬ್ಬಿಯ ಚಿತ್ರ

ಪ್ರಶ್ನೆ: ನಾನು ಸಕಲೇಶಪುರದ ಕಡೆಯವಳು. ವಯಸ್ಸು 28, ಶಾಲೆಯಲ್ಲಿ ಟೀಚರ್. ಮೂರು ವರ್ಷದಿಂದ ಹಕ್ಕಿ, ಹೂವು, ಚಿಟ್ಟೆಗಳ ಫೋಟೊ ತೆಗೆಯುತ್ತಿದ್ದೇನೆ. ಒಳ್ಳೆಯ ಬೆಳಕು ಸಿಗುವುದು ಬೆಳಿಗ್ಗೆ, ನನಗೆ ಬಿಡುವು ಸಿಗುವುದು ಭಾನುವಾರ. ಹಾಗಾಗಿ ತಿಂಗಳಲ್ಲಿ ಒಂದೆರಡು ಸಲ ಚರ್ಚಿನ ಪೂಜೆ ತಪ್ಪುತ್ತದೆ. 'ದೇವರನ್ನು ಬಿಟ್ಟು ಹಕ್ಕಿ ಹಿಂದೆ ಹೋಗ್ತೀಯಲ್ಲ' ಅಂತ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ. ನನಗೋ ಕೆರೆ ದಂಡೆಯಲ್ಲೇ ದೇವರು ಹತ್ತಿರ ಅನ್ನಿಸುತ್ತದೆ. ಈಗ ನಮ್ಮ ಫಾದರ್ 'ನಿನ್ನ ಚಿತ್ರಗಳ ಪ್ರದರ್ಶನ ಮಾಡೋಣ, ಒಂದೊಂದರ ಮೇಲೂ ಬೈಬಲ್ ವಾಕ್ಯ ಹಾಕಿಕೊಡು' ಎಂದಿದ್ದಾರೆ. ಬೇರೆ ಕ್ರೈಸ್ತ ಸಭೆಗೆ ಹೋಗುವ ನನ್ನ ಗೆಳತಿ 'ಹುಷಾರು, ಇದು ಸೃಷ್ಟಿಯ ಪೂಜೆ ಆಗುತ್ತದೆ' ಅನ್ನುತ್ತಾಳೆ. ವಾಕ್ಯ ಹಾಕಿದರೆ ಅದು ವಿಶ್ವಾಸದ ಚಿತ್ರ ಆಗುತ್ತದೆಯೇ? ಕ್ಯಾಮೆರಾ ಹಿಡಿದು ಪ್ರಾರ್ಥಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಕ್ಯಾಮೆರಾ ಹಿಡಿದು ಪ್ರಾರ್ಥಿಸಬಹುದು. ಮೂವತ್ತು ವರ್ಷದಿಂದ ನಾನು ಅದನ್ನೇ ಮಾಡುತ್ತಾ ಬಂದಿದ್ದೇನೆ. ಆದರೆ ವಾಕ್ಯ ಹಾಕಿದ್ದರಿಂದ ನನ್ನ ಯಾವ ಚಿತ್ರವೂ ಪ್ರಾರ್ಥನೆ ಆಗಲಿಲ್ಲ. ಆ ಜೀವದ ಮುಂದೆ ನಾನು ಹೇಗೆ ಕೂತೆ, ಎಷ್ಟು ಹೊತ್ತು ನೋಡಿದೆ, ಎಲ್ಲಿ ಕೈ ತಡೆದೆ, ಎಲ್ಲ ಇದರ ಮೇಲೆ ನಿಂತಿದೆ. ಇದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಬೆಳೆದದ್ದು ಮಂಗಳೂರಿನ ಹತ್ತಿರದ ಹಳ್ಳಿಯೊಂದರಲ್ಲಿ. ನಮ್ಮ ಕಡೆ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಅದೇ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳೆಲ್ಲ ತಟ್ಟೆಯಲ್ಲಿ ಹೂ ತುಂಬಿಕೊಂಡು ಹೋಗಿ, ಹಾಡುತ್ತಾ ಬಾಲ ಮರಿಯಮ್ಮನ ಪ್ರತಿಮೆಯ ಮುಂದೆ ಹಾಕುತ್ತೇವೆ. ಆಗ ಹೂವನ್ನು ಯಾರೂ ಅಂಗಡಿಯಿಂದ ತರುತ್ತಿರಲಿಲ್ಲ. ಬೇಲಿ, ಗದ್ದೆ ಬದು, ಗುಡ್ಡ ಸುತ್ತಿ ಕೇಪಳ, ತುಂಬೆ, ದಾಸವಾಳ, ಶಂಖಪುಷ್ಪ ಕೊಯ್ದು ತರಬೇಕಿತ್ತು. ನಿನ್ನೆ ಮೊಗ್ಗಾಗಿದ್ದದ್ದು ಇವತ್ತು ಅರಳಿದೆಯಾ, ಯಾವ ಬೇಲಿಯಲ್ಲಿ ಬಿಳಿ ಶಂಖಪುಷ್ಪ ಇದೆ, ಎಲ್ಲಾ ಗೊತ್ತಿರುತ್ತಿತ್ತು. ಅಮ್ಮ ಮಾತ್ರ ದಿನಾ ಒಂದು ಮಾತು ಹೇಳಿಯೇ ಕಳಿಸುತ್ತಿದ್ದರು: 'ಗಿಡ ಬೋಳು ಮಾಡಬೇಡ. ದುಂಬಿಗೂ ಇರಲಿ.' ತಟ್ಟೆ ತುಂಬದಿದ್ದರೂ ಪರವಾಗಿಲ್ಲ, ಪ್ರತಿ ಗಿಡದಲ್ಲೂ ನಾಲ್ಕು ಹೂ ಬಿಡಲೇಬೇಕು.

ನೋಡುವುದನ್ನು ನಾನು ಕಲಿತದ್ದು ಅಲ್ಲಿ. ಕ್ಯಾಮೆರಾ ಕೈಗೆ ಬಂದ ಮೇಲೆ ಅಮ್ಮನ ಆ ಮಾತು ಮರೆತೆ. ಆ ಮರೆವಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರದ ಬುಡ ಅದೇ.

ಮೊದಲ ದೊಡ್ಡ ಲೆನ್ಸ್ ಕೊಂಡ ವರ್ಷ. ನಮ್ಮ ಹಿತ್ತಲಿನ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ತಲೆಯ ಮೇಲೆ ಕಪ್ಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ ಇರುವ ಹಕ್ಕಿ, ನಿಮ್ಮ ತೋಟದಲ್ಲೂ ಬೇಕಾದಷ್ಟಿವೆ. ಗೂಡಿನಲ್ಲಿ ಎರಡು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎರಡು ಕೊಂಬೆ ಅಡ್ಡ ಬರುತ್ತಿದ್ದವು. ಒಂದನ್ನು ದಾರ ಹಾಕಿ ಪಕ್ಕಕ್ಕೆ ಕಟ್ಟಿದೆ, ಇನ್ನೊಂದನ್ನು ಕತ್ತರಿಸಿದೆ. ಚಿತ್ರ ಬಹಳ ಚೆನ್ನಾಗಿ ಬಂತು. ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದಿದೆ, ಎರಡು ಕೆಂಪು ಬಾಯಿ ಮೇಲಕ್ಕೆ ತೆರೆದಿವೆ. ಅದಕ್ಕೆ 'ಆಕಾಶದ ಹಕ್ಕಿಗಳನ್ನು ನೋಡಿರಿ' ಎಂಬ ವಾಕ್ಯ ಹಾಕಿ ಚರ್ಚಿನ ವಾರ್ಷಿಕೋತ್ಸವಕ್ಕೆ ದೊಡ್ಡದಾಗಿ ಪ್ರಿಂಟ್ ಕೂಡ ಮಾಡಿಸಿದೆ. ಎಲ್ಲರೂ ಹೊಗಳಿದರು. ಆದರೆ ಚಿತ್ರ ತೆಗೆದ ಮೂರನೇ ದಿನವೇ ಗೂಡು ಖಾಲಿಯಾಗಿತ್ತು. ನಾನು ತೆರವು ಮಾಡಿದ ಕಂಡಿಯಲ್ಲಿ ಮಧ್ಯಾಹ್ನದ ಬಿಸಿಲು ನೇರ ಗೂಡಿಗೆ ಬೀಳುತ್ತಿತ್ತು. ಕಾಗೆಗೋ ಕೆಂಬೂತಕ್ಕೋ ಗೂಡು ಸಲೀಸಾಗಿ ಕಂಡಿರಬೇಕು. ತಾಯಿ ಎರಡು ದಿನ ಬೇಲಿ ಮೇಲೆ ಕೂತು ಕೂಗುತ್ತಲೇ ಇತ್ತು.

ಆ ಚಿತ್ರದ ಕೆಳಗಿದ್ದ ವಾಕ್ಯದಲ್ಲಿ ತಪ್ಪಿರಲಿಲ್ಲ. ಆದರೂ ಆ ಚಿತ್ರ ನನ್ನ ವಿಶ್ವಾಸದ ಚಿತ್ರ ಆಗಿರಲಿಲ್ಲ, ಅಲ್ವಾ?

ಬಹಳ ದಿನಗಳ ಮೇಲೆ ಬೈಬಲ್ಲಿನ ಧರ್ಮೋಪದೇಶಕಾಂಡ ಓದುತ್ತಿದ್ದೆ. 22ನೇ ಅಧ್ಯಾಯದ 6 ಮತ್ತು 7ನೇ ವಚನಕ್ಕೆ ಬಂದು ನಿಂತುಬಿಟ್ಟೆ. ದಾರಿಯಲ್ಲಿ ಹಕ್ಕಿಗೂಡು ಸಿಕ್ಕರೆ, ತಾಯಿ ಮೊಟ್ಟೆಯ ಮೇಲೋ ಮರಿಗಳ ಮೇಲೋ ಕೂತಿದ್ದರೆ, ಮರಿಗಳ ಜೊತೆ ತಾಯಿಯನ್ನೂ ಹಿಡಿಯಬಾರದು, ಅದನ್ನು ಬಿಟ್ಟುಬಿಡಬೇಕು ಎಂದು ಅಲ್ಲಿದೆ. ಹಾಗೆ ಮಾಡಿದರೆ ನಿನಗೆ ಒಳ್ಳೆಯದಾಗುತ್ತದೆ, ಬಹುಕಾಲ ಬಾಳುತ್ತೀ ಎಂಬ ಮಾತೂ ಇದೆ. ಇದೇ ಮಾತು ಬೇರೆಲ್ಲಿ ಬರುತ್ತದೆ ಗೊತ್ತಾ? ತಂದೆತಾಯಿಗಳನ್ನು ಗೌರವಿಸು ಎಂಬ ಆಜ್ಞೆಯಲ್ಲಿ. ಹೆತ್ತವರನ್ನು ನೋಡಿಕೊಳ್ಳುವುದಕ್ಕೆ ಕೊಟ್ಟ ಮಾತನ್ನೇ ದೇವರು ಒಂದು ಹಕ್ಕಿಗೂಡಿನ ವಿಷಯದಲ್ಲೂ ಕೊಟ್ಟಿದ್ದಾರೆ. ಗೂಡಿನ ಚಿತ್ರ ತೆಗೆಯುವ ನಮ್ಮಂಥವರಿಗೆ ಇದಕ್ಕಿಂತ ನೇರವಾದ ಮಾತು ಬೈಬಲ್ಲಿನಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಅವತ್ತಿನಿಂದ ನಾನು ಗೂಡಿನ ಹತ್ತಿರ ಹೋಗಿಲ್ಲ. ಈಗ ಅನೇಕ ಸ್ಪರ್ಧೆಗಳಲ್ಲೂ ಗೂಡಿನ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ. ಒಳ್ಳೆಯದೇ ಆಯಿತು.

ಹಾಗೆಯೇ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು. ಮರಿ ಮಾಡುವ ಕಾಲದಲ್ಲಿ ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಎಂದುಕೊಂಡು ಹಾರಿ ಬರುತ್ತದೆ. ಮರಿಗೆ ಹುಳ ಹುಡುಕಬೇಕಾದ ಹೊತ್ತು ಇಲ್ಲದ ಶತ್ರುವನ್ನು ಹುಡುಕುವುದರಲ್ಲಿ ಕಳೆದುಹೋಗುತ್ತದೆ. ಸುಳ್ಳು ಹೇಳಿ ಕರೆಸಿಕೊಂಡ ಹಕ್ಕಿಯ ಚಿತ್ರ ನಿಮಗೆ ಬೇಡ. ಅದೂ ಹಾಳಾಗಲಿ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಆಕಾಶವನ್ನೇ ಬದಲಾಯಿಸುವವರು ಇದ್ದಾರೆ. ಇಲ್ಲದ ಸೂರ್ಯ, ಇಲ್ಲದ ಮಂಜು. ಬೆಳಕು ಸ್ವಲ್ಪ ಏರಿಸುವುದು, ಚೌಕಟ್ಟು ಕತ್ತರಿಸುವುದು ತಪ್ಪಲ್ಲ, ನಾನೂ ಮಾಡುತ್ತೇನೆ. ಆದರೆ 'ದೇವರ ಸೃಷ್ಟಿ' ಎಂದು ಹೆಸರಿಟ್ಟು ನಾವು ಮಾಡಿದ ಆಕಾಶ ತೋರಿಸಿದರೆ, ಸುಳ್ಳು ಸಾಕ್ಷಿ ಹೇಳಬಾರದು ಎಂಬ ಆಜ್ಞೆ ಏನಾಯಿತು? ಚಿತ್ರವೂ ಸಾಕ್ಷಿಯೇ. 'ನಾನು ಅಲ್ಲಿದ್ದೆ, ಇದು ಹೀಗಿತ್ತು' ಎಂದು ಅದು ಹೇಳುತ್ತದೆ.

ಈಗ ನಿಮ್ಮ ಗೆಳತಿಯ ಮಾತಿಗೆ ಬರೋಣ. ಅವರ ಎಚ್ಚರಿಕೆಯನ್ನು ತಳ್ಳಿಹಾಕಬೇಡಿ. ಅವರ ಮನಸ್ಸಿನಲ್ಲಿ ವಿಗ್ರಹ ಮಾಡಿಕೊಳ್ಳಬಾರದು ಎಂಬ ಆಜ್ಞೆ ಇದೆ, ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಪೂಜಿಸಿದವರ ಬಗ್ಗೆ ರೋಮಾಪುರದವರಿಗೆ ಪೌಲ ಬರೆದ ಮಾತೂ ಇರಬಹುದು. ಆದರೆ ಆ ಆಜ್ಞೆ ಇರುವ ವಿಮೋಚನಕಾಂಡದಲ್ಲೇ ಮುಂದೆ ಓದಿದರೆ ದೇವರ ಆರಾಧನೆಗಾಗಿ ಮಾಡಿದ ಗುಡಾರದ ದೀಪಸ್ತಂಭ ಸಿಗುತ್ತದೆ. ಅದರ ಕೊಂಬೆಗಳಲ್ಲಿ ಬಾದಾಮಿ ಹೂವಿನ ಆಕಾರ ಮಾಡಬೇಕೆಂದು ಹೇಳಿದವರು ದೇವರೇ. ಯಾಜಕರ ನಿಲುವಂಗಿಯ ಅಂಚಿನಲ್ಲಿ ದಾಳಿಂಬೆ ಹಣ್ಣುಗಳು. ಮುಂದೆ ಸೊಲೊಮೋನನ ದೇವಾಲಯದ ಕಂಬಗಳ ತಲೆಯ ಮೇಲೆ ತಾವರೆಯಂಥ ಹೂಗಳು, ಮತ್ತೆ ದಾಳಿಂಬೆಗಳ ಸಾಲು. ಗುಡಾರದ ಕೆಲಸಕ್ಕೆ ಆರಿಸಿದ ಬೆಚಲೇಲ ಎಂಬ ಕುಶಲಕರ್ಮಿಯನ್ನು ದೇವರು ತಮ್ಮ ಆತ್ಮದಿಂದ ತುಂಬಿಸಿದರು ಎಂದು 31ನೇ ಅಧ್ಯಾಯದಲ್ಲಿದೆ. ಅವನು ಪ್ರವಾದಿ ಅಲ್ಲ, ಅರಸನೂ ಅಲ್ಲ, ಕೈಕೆಲಸದವನು. ಹೂವಿನ, ಹಣ್ಣಿನ ರೂಪ ಮಾಡುವುದೇ ತಪ್ಪಾಗಿದ್ದರೆ ಇದೆಲ್ಲ ಯಾಕೆ ಬರುತ್ತಿತ್ತು?

ಚಿತ್ರಗಳ ಬಗೆಗಿನ ಈ ಜಗಳ ನಿನ್ನೆ ಮೊನ್ನೆಯದಲ್ಲ. ಎಂಟನೇ ಶತಮಾನದಲ್ಲಿ ಪೂರ್ವದ ಕ್ರೈಸ್ತ ಸಾಮ್ರಾಜ್ಯದಲ್ಲಿ ಚಿತ್ರಗಳನ್ನು ಒಡೆಸಿಯೇ ಹಾಕಿದರು. ಆಗ ದಮಾಸ್ಕಸಿನ ಸಂತ ಯೋಹಾನ ಎಂಬವರು ಚಿತ್ರಗಳ ಪರವಾಗಿ ಬರೆದರು. ಅವರ ವಾದದ ತಿರುಳು ಇಷ್ಟು: ನಾನು ಮಣ್ಣು ಮರವನ್ನು ಪೂಜಿಸುವುದಿಲ್ಲ, ಅವನ್ನು ಮಾಡಿದವನನ್ನು ಪೂಜಿಸುತ್ತೇನೆ. ಆತನೇ ನನಗಾಗಿ ಮೈ ತಳೆದು ಬಂದ ಮೇಲೆ ಮೈ ಇರುವ ವಸ್ತುವನ್ನು ಕೀಳಾಗಿ ಕಾಣಲಾರೆ. 787ರಲ್ಲಿ ನಿಕೇಯದಲ್ಲಿ ಸೇರಿದ ಮಹಾಸಭೆ ಚಿತ್ರಕ್ಕೆ ತೋರುವ ಗೌರವ ಬೇರೆ, ದೇವರಿಗೆ ಸಲ್ಲುವ ಆರಾಧನೆ ಬೇರೆ ಎಂದು ತೀರ್ಮಾನಿಸಿತು. ನಿಮ್ಮ ಗೆಳತಿಯ ಸಭೆ ಇದನ್ನು ಒಪ್ಪದೆ ಇರಬಹುದು. ಆದರೂ ಬೆಚಲೇಲನ ಅಧ್ಯಾಯವನ್ನು ಇಬ್ಬರೂ ಕೂತು ಓದಬಹುದಲ್ಲ.

ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ನೆನೆಸಿಕೊಳ್ಳಿ. ಅವರು 1225ರಲ್ಲಿ ಸೃಷ್ಟಿಯ ಸ್ತುತಿಗೀತೆಯನ್ನು ಕಟ್ಟಿದರು. ಪಂಡಿತರ ಲ್ಯಾಟಿನಿನಲ್ಲಿ ಅಲ್ಲ, ತಮ್ಮ ಊರಿನ ಆಡುಮಾತಿನಲ್ಲಿ. ಅಣ್ಣ ಸೂರ್ಯ, ಅಕ್ಕ ನೀರು ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರೂ, ಪ್ರತಿ ಸಲವೂ ಹೊಗಳಿಕೆ ಹೋಗುವುದು 'ನನ್ನ ಪ್ರಭುವೇ, ನಿನಗೆ' ಎಂದು. ನನ್ನನ್ನು ಹೆಚ್ಚು ತಟ್ಟುವುದು ಇನ್ನೊಂದು ಸಂಗತಿ. ಆ ಹಾಡು ಕಟ್ಟುವಾಗ ಅವರಿಗೆ ಕಣ್ಣಿನ ಕಾಯಿಲೆ ಜೋರಾಗಿತ್ತು. ಹೆಚ್ಚುಕಡಿಮೆ ಕುರುಡರಾಗಿದ್ದರು. ಬೆಳಕನ್ನು ತಡೆಯಲಾಗದೆ ಸಾನ್ ದಾಮಿಯಾನೋದಲ್ಲಿ ಕತ್ತಲಲ್ಲಿ ಮಲಗಿರುತ್ತಿದ್ದರು. ಬೆಳಕು ಕಣ್ಣಿಗೆ ನೋವು ಕೊಡುತ್ತಿದ್ದ ದಿನಗಳಲ್ಲಿ ಬೆಳಕಿಗಾಗಿ ದೇವರನ್ನು ಹೊಗಳಿದ ಮನುಷ್ಯ ಅವರು. ಮೋಡ ಕವಿದು ಚಿತ್ರ ಸಿಗದೆ ವಾಪಸ್ಸು ಬರುವ ದಿನ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಇನ್ನು ಏನನ್ನು ತೆಗೆಯಬೇಕು ಎಂಬುದು. ಹೊಸಬರ 'ವಿಶ್ವಾಸದ ಚಿತ್ರ' ಎಂದರೆ ಸೂರ್ಯೋದಯ, ಕಾಮನಬಿಲ್ಲು, ಮೋಡದ ನಡುವಿನಿಂದ ಇಳಿಯುವ ಕಿರಣ. ನೂರರಲ್ಲಿ ತೊಂಬತ್ತು ಅದೇ ಇರುತ್ತದೆ. ಅವು ಬೇಡ ಎನ್ನುವುದಿಲ್ಲ. ಆದರೆ ಯೇಸುಸ್ವಾಮಿ ನೋಡಲು ಹೇಳಿದ್ದು ಏನನ್ನು? ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ 'ಕಾಗೆಗಳನ್ನು ಗಮನಿಸಿ' ಎಂದರು. ಯಾಜಕಕಾಂಡದ ಪಟ್ಟಿಯಲ್ಲಿ ಕಾಗೆ ಅಶುದ್ಧ ಹಕ್ಕಿ. ಕೇಳುತ್ತಿದ್ದ ಯೆಹೂದ್ಯರಿಗೆಲ್ಲ ಅದು ಗೊತ್ತಿತ್ತು. ಅಡವಿಯ ಹೂಗಳ ಬಗ್ಗೆ ಮತ್ತಾಯನಲ್ಲಿ ಬರುವ ಮಾತಿಗೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದ ಬರೀ 'ನೋಡಿ' ಎಂದು ಹೇಳುವುದಿಲ್ಲ, 'ಚೆನ್ನಾಗಿ ಕಲಿತುಕೊಳ್ಳಿ' ಎಂಬ ಅರ್ಥ ಅದಕ್ಕಿದೆ. ಅದೂ ಇವತ್ತು ಇದ್ದು ನಾಳೆ ಒಲೆಗೆ ಹೋಗುವ ಗಿಡದ ಬಗ್ಗೆ.

ಆಮೇಲೆ ಗುಬ್ಬಿ. ಮತ್ತಾಯನಲ್ಲಿ ಎರಡು ಗುಬ್ಬಿಗೆ ಒಂದು ಕಾಸು. ಲೂಕನಲ್ಲಿ ಐದು ಗುಬ್ಬಿಗೆ ಎರಡು ಕಾಸು. ಆ ಕಾಸಿನ ಹೆಸರು ಅಸ್ಸಾರಿ. ಒಂದು ದಿನದ ಕೂಲಿಯಾದ ದಿನಾರಿಯ ಹದಿನಾರನೇ ಒಂದು ಪಾಲು. ನಮ್ಮ ಅಜ್ಜಂದಿರ ಕಾಲದಲ್ಲಿ ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ. ಲೆಕ್ಕ ಹಾಕಿ ನೋಡಿ. ಎರಡು ಕಾಸಿಗೆ ನಾಲ್ಕು ಗುಬ್ಬಿ ಬರಬೇಕು. ಐದನೆಯದು ಸುಮ್ನೆ ಕೊಟ್ಟದ್ದು. ತರಕಾರಿಯವರು ಕೊನೆಗೆ ಚೀಲಕ್ಕೆ ಹಾಕುವ ಕೊತ್ತಂಬರಿ ಸೊಪ್ಪಿನ ಹಾಗೆ. ಸಂತೆಯಲ್ಲಿ ಬೆಲೆಯೇ ಇಲ್ಲದ ಆ ಐದನೇ ಗುಬ್ಬಿಯನ್ನೂ ಸೇರಿಸಿ, 'ಇವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ' ಎನ್ನುತ್ತಾರೆ ಯೇಸುಸ್ವಾಮಿ.

ನನ್ನ ಫೋಟೊ ಶಿಬಿರಕ್ಕೆ ಬರುವವರಿಗೆ ನಾನು ಮೊದಲ ವಾರ ಕೊಡುವ ಕೆಲಸ ಇದೇ. ನಿಮ್ಮ ಮನೆಯ ಹತ್ತಿರ ಯಾರೂ ಕ್ಯಾಮೆರಾ ಎತ್ತದ ಒಂದು ಹಕ್ಕಿಯನ್ನು ಏಳು ದಿನ ನೋಡಿ. ಕಾಗೆ, ಗೊರವಂಕ, ಪಾರಿವಾಳ, ಗುಬ್ಬಿ, ಯಾವುದಾದರೂ ಸರಿ. ದಿನಕ್ಕೆ ಅರ್ಧ ಗಂಟೆ. ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಎರಡನೇ ದಿನ ಬೇಜಾರಾಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಎರಡು ಕಾಗೆಗಳಲ್ಲಿ ಯಾವುದು ಯಾವುದು ಎಂದು ತಿಳಿಯತೊಡಗುತ್ತದೆ. ಒಂದು ಸದಾ ಬಲಕ್ಕೆ ತಲೆ ಓರೆ ಮಾಡುತ್ತದೆ, ಇನ್ನೊಂದರ ರೆಕ್ಕೆಯಲ್ಲಿ ಒಂದು ಗರಿ ಇಲ್ಲ. ಕಾಗೆಯ ರೆಕ್ಕೆಯ ಕಪ್ಪು ಬಣ್ಣ ಬೆಳಗಿನ ಓರೆ ಬಿಸಿಲಿನಲ್ಲಿ ನೇರಳೆಗೆ ತಿರುಗುವುದು ಆಗ ಕಾಣುತ್ತದೆ. ಕಪ್ಪು ಹಕ್ಕಿಯ ವಿವರ ಹಿಡಿಯುವುದು ಸುಲಭ ಅಲ್ಲ. ಕ್ಯಾಮೆರಾ ತನ್ನ ಲೆಕ್ಕದಲ್ಲಿ ಕಪ್ಪನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರ್, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕಿನ ಅಳತೆ, ಅರ್ಧ ಸ್ಟಾಪ್ ಇಳಿಸಿ, ಹಿಂದೆ ನೆರಳಿರುವ ಜಾಗ ಆರಿಸಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ನೀವು ಇಳಿಯಿರಿ. ಗುಬ್ಬಿ ನೆಲದಲ್ಲಿದ್ದರೆ ನೀವೂ ನೆಲದ ಮೇಲೆ ಮಲಗಬೇಕು. ಮೇಲಿನಿಂದ ಕೆಳಗೆ ನೋಡಿ ತೆಗೆದ ಚಿತ್ರದಲ್ಲಿ ಗುಬ್ಬಿ ಸಣ್ಣದು, ನಾವು ದೊಡ್ಡವರು. ಮೊಣಕಾಲೂರಿ ಅದರ ಕಣ್ಣಿಗೆ ಕಣ್ಣು ಕೊಟ್ಟು ತೆಗೆದರೆ ಬೇರೆಯದೇ ಚಿತ್ರ. ಮೊಣಕಾಲೂರುವುದು ನಮಗೆ ಹೊಸದೇನಲ್ಲ.

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಹಕ್ಕಿಗಳು ಬರುವುದು ಐದನೇ ದಿನ. ದೇವರು ಅವನ್ನು ನೋಡಿ ಒಳ್ಳೆಯದೆಂದು ಕಂಡರು, ಆಶೀರ್ವದಿಸಿದರು. ಆಗ ಮನುಷ್ಯ ಇನ್ನೂ ಹುಟ್ಟಿಯೇ ಇಲ್ಲ. ನಾವು ನೋಡಿ ಮೆಚ್ಚುವ ಮೊದಲೇ ಅವನ್ನು ಮೆಚ್ಚಿದವರು ಇದ್ದಾರೆ. ಯೋಬನ ಪುಸ್ತಕದಲ್ಲಿ ಇದು ಇನ್ನೂ ಜೋರಾಗಿದೆ. ನೊಂದು ಕೂತ ಯೋಬನಿಗೆ ದೇವರು ಸಮಾಧಾನದ ಮಾತು ಹೇಳುವುದಿಲ್ಲ. 38ರಿಂದ 41ರವರೆಗೆ ನಾಲ್ಕು ಅಧ್ಯಾಯ ಕಾಡನ್ನು ತೋರಿಸುತ್ತಾರೆ. ಬೆಟ್ಟದ ಮೇಕೆ ಈಯುವುದನ್ನು ನೀನು ನೋಡಿದ್ದೀಯಾ? ಯಾರೂ ವಾಸವಿಲ್ಲದ ನೆಲದ ಮೇಲೆ ಮಳೆ ಸುರಿಸುವವರು ಯಾರು? ನಮ್ಮ ಕ್ಯಾಮೆರಾಕ್ಕೆ ಎಂದೂ ಸಿಗದ ದೃಶ್ಯಗಳೇ ಅಲ್ಲಿರುವುದು.

ಇದೇ ಅನುಭವ ಆದ ಒಬ್ಬ ಸನ್ಯಾಸಿಯ ಬಗ್ಗೆ ಹೇಳಬೇಕು. ಅಮೆರಿಕದ ಕೆಂಟಕಿಯ ಗೆತ್ಸೆಮನಿ ಮಠದಲ್ಲಿದ್ದ ಥಾಮಸ್ ಮರ್ಟನ್ ಕೊನೆಯ ವರ್ಷಗಳಲ್ಲಿ ಫೋಟೊ ತೆಗೆಯತೊಡಗಿದರು. ಗೆಳೆಯ ಜಾನ್ ಹೋವರ್ಡ್ ಗ್ರಿಫಿನ್ ಅವರಿಗೆ ಒಂದು ಕ್ಯಾನನ್ ಕ್ಯಾಮೆರಾ ಬಳಸಲು ಕೊಟ್ಟಿದ್ದರು. ಮರ್ಟನ್ ತೆಗೆದದ್ದು ಮರದ ಬೇರು, ಹಳೆಯ ಕುರ್ಚಿ, ಗೋಡೆಯ ಮೇಲಿನ ನೆರಳು. ನಾನು ಗಮನಿಸದೆ ಬಿಟ್ಟದ್ದನ್ನು ಈ ಕ್ಯಾಮೆರಾ ನೆನಪಿಸುತ್ತದೆ ಎಂದು ಗೆಳೆಯನಿಗೆ ಸಂತೋಷದಿಂದ ಬರೆದರು. 1968ರಲ್ಲಿ ಅವರು ಭಾರತಕ್ಕೆ ಬಂದರು. ನವೆಂಬರಿನಲ್ಲಿ ಡಾರ್ಜೀಲಿಂಗಿನ ಹತ್ತಿರದ ಒಂದು ಟೀ ತೋಟದಲ್ಲಿ ಉಳಿದು ಕಾಂಚನಜುಂಗಾದ ಚಿತ್ರಗಳನ್ನು ತೆಗೆದರು. ತೆಗೆದು ತೆಗೆದು ಆ ಬೆಟ್ಟದ ಮೇಲೆಯೇ ಅವರಿಗೆ ಸಿಟ್ಟು ಬಂತು. ಆಮೇಲೆ ಒಂದು ರಾತ್ರಿ ಅದೇ ಬೆಟ್ಟ ಕನಸಿನಲ್ಲಿ ಬಂತು. ಪ್ರತಿ ಬೆಟ್ಟಕ್ಕೂ ಇನ್ನೊಂದು ಮಗ್ಗುಲಿದೆ, ಯಾರೂ ಫೋಟೊ ತೆಗೆದು ಪೋಸ್ಟ್‌ಕಾರ್ಡ್ ಮಾಡದ ಮಗ್ಗುಲು, ನೋಡಬೇಕಾದ್ದು ಅದನ್ನೇ ಎಂದು ದಿನಚರಿಯಲ್ಲಿ ಬರೆದುಕೊಂಡರು. ಅದಾಗಿ ತಿಂಗಳೊಳಗೆ, ಡಿಸೆಂಬರ್ 10ರಂದು, ಬ್ಯಾಂಕಾಕಿನ ಬಳಿ ತೀರಿಕೊಂಡರು.

ಪೋಸ್ಟ್‌ಕಾರ್ಡ್ ಆಗದ ಮಗ್ಗುಲು ನಿಮ್ಮ ತೋಟದಲ್ಲೂ ಇದೆ. ಹೂಮಳೆ ಬಿದ್ದು ಕಾಫಿ ಗಿಡ ಬೆಳ್ಳಗಾದ ದಿನ ಎಲ್ಲರೂ ಫೋಟೊ ತೆಗೆಯುತ್ತಾರೆ. ನಾಲ್ಕು ದಿನ ಬಿಟ್ಟು ಹೂ ಕಂದಾಗಿ ಬಾಡಿದಾಗ ಯಾರೂ ತೆಗೆಯುವುದಿಲ್ಲ. ಕಾಯಿ ಕಟ್ಟುವುದು ಆಗಲೇ ಅಲ್ವಾ? ಇನ್ನೊಂದು ಮಗ್ಗುಲು ಬೇಟೆ. ಗಿಡುಗ ಪಾರಿವಾಳವನ್ನು ಹಿಡಿದ ಚಿತ್ರವನ್ನು ಚರ್ಚಿನಲ್ಲಿ ಹಾಕಬಹುದಾ ಎಂದು ಹಲವರು ಕೇಳುತ್ತಾರೆ. ಹಾಕಿ. ಸಿಂಹದ ಮರಿಗಳು ಗರ್ಜಿಸಿ ದೇವರ ಹತ್ತಿರ ಊಟ ಕೇಳುತ್ತವೆ ಎಂದು ಕೀರ್ತನೆ 104 ಹೇಳುತ್ತದೆ. ಹದ್ದಿನ ಮರಿ ರಕ್ತ ಹೀರುವುದು ಯೋಬನಲ್ಲಿದೆ. ಬೈಬಲ್ ಬರೆದವರು ಇದಕ್ಕೆ ಕಣ್ಣು ಮುಚ್ಚಿಕೊಳ್ಳಲಿಲ್ಲ. ಹುಳುವಿನ ಮೈಯೊಳಗೆ ಮೊಟ್ಟೆ ಇಟ್ಟು ಒಳಗಿಂದ ತಿನ್ನುವ ಕಣಜವನ್ನು ಕರುಣಾಮಯ ದೇವರು ಬೇಕೆಂದೇ ಮಾಡಿದ ಎಂದು ನಂಬಲಾರೆ ಎಂದು ಡಾರ್ವಿನ್ 1860ರಲ್ಲಿ ಬರೆದರು. ಅದು ಪ್ರಾಮಾಣಿಕ ಕಷ್ಟ. ಆ ಕಣಜದ ಚಿತ್ರ ತೆಗೆಯುವಾಗ ನನಗೂ ಅದೇ ಕಷ್ಟ ಆಗಿದೆ. ಅದನ್ನು ಮುಚ್ಚಿಟ್ಟು ಬರೀ ಚಿಟ್ಟೆ ತೋರಿಸಿದರೆ ನೋಡುವವರಿಗೆ ಅರ್ಧ ಲೋಕ ಮಾತ್ರ ಕೊಟ್ಟಂತೆ.

ಹಾಗೆಯೇ ಕೆಟ್ಟುಹೋದ ಜಾಗಗಳು. ಸೃಷ್ಟಿಯೆಲ್ಲ ನರಳುತ್ತಿದೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಎಲ್ಲರಿಗೂ ಬರೆದ ತಮ್ಮ ವಿಶ್ವಪತ್ರದಲ್ಲಿ ಭೂಮಿಯ ಕೂಗು ಮತ್ತು ಬಡವರ ಕೂಗು ಎರಡನ್ನೂ ಕೇಳಬೇಕು ಎಂದರು. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿ ರಸ್ತೆಗೆ ಬಂದದ್ದು, ನೀರಿನ ಮೇಲೆ ಬೆಂಕಿ ಹತ್ತಿದ್ದು ಲೋಕಕ್ಕೆ ಗೊತ್ತಾದದ್ದು ಚಿತ್ರಗಳಿಂದಲೇ. ನಿಮ್ಮ ಕೆರೆಗೆ ಪ್ಲಾಸ್ಟಿಕ್ ಬಂದು ಬೀಳುತ್ತಿದ್ದರೆ ಅದನ್ನೂ ತೆಗೆಯಿರಿ. ಚೌಕಟ್ಟಿನಿಂದ ಹೊರಗಿಡಬೇಡಿ.

ನೋಡುವುದು ಕಾಪಾಡುವುದಕ್ಕೆ ದಾರಿ ಮಾಡಿದ ಒಂದು ನಿಜವಾದ ಕಥೆ ಇದೆ. ಜಾನ್ ಸ್ಟಾಟ್ ಎಂಬ ಲಂಡನ್ನಿನ ಆಂಗ್ಲಿಕನ್ ಪಾದ್ರಿ ಲೋಕಪ್ರಸಿದ್ಧ ಬೋಧಕರಾಗಿದ್ದರು. ಪ್ರಸಂಗಕ್ಕೆ ಯಾವ ದೇಶಕ್ಕೆ ಹೋದರೂ ಬೈನಾಕ್ಯುಲರ್ ಜೊತೆಗಿರುತ್ತಿತ್ತು. 1999ರಲ್ಲಿ ತಾವೇ ತೆಗೆದ ಹಕ್ಕಿ ಚಿತ್ರಗಳನ್ನು ಹಾಕಿ, ಹಕ್ಕಿಗಳೇ ನಮ್ಮ ಗುರುಗಳು ಎಂದು ಒಂದು ಪುಸ್ತಕ ಮಾಡಿದರು. ಅವರ ಗೆಳೆಯ ಪೀಟರ್ ಹ್ಯಾರಿಸ್ ಎಂಬ ಪಾದ್ರಿ 1983ರಲ್ಲಿ ಪೋರ್ಚುಗಲ್ಲಿನ ಒಂದು ನದಿ ಅಳಿವೆಯಲ್ಲಿ ಹಕ್ಕಿ ಅಧ್ಯಯನ ಶುರು ಮಾಡಿದರು. ಅದು ಅ ರೋಶಾ ಎಂಬ ಕ್ರೈಸ್ತ ಸಂರಕ್ಷಣಾ ಸಂಸ್ಥೆಯಾಗಿ ಹಲವು ದೇಶಗಳಿಗೆ ಹಬ್ಬಿತು. ಅದರ ಭಾರತದ ಶಾಖೆ ನಮ್ಮ ಬನ್ನೇರುಘಟ್ಟದ ಸುತ್ತ ಆನೆ ಮತ್ತು ರೈತರ ನಡುವಿನ ಸಂಘರ್ಷದ ಮೇಲೆ ಕೆಲಸ ಮಾಡಿದೆ. ಸಕಲೇಶಪುರದವರಿಗೆ ಆನೆಯ ಕಷ್ಟ ಏನೆಂದು ನಾನು ಹೇಳಬೇಕಾಗಿಲ್ಲ. ನಿಮ್ಮ ಪ್ರದರ್ಶನದಲ್ಲಿ ಆನೆಯ ಚಿತ್ರ ಇದ್ದರೆ, ಆನೆ ತುಳಿದ ಗದ್ದೆಯ ಮುಂದೆ ನಿಂತ ರೈತರ ಚಿತ್ರವೂ ಪಕ್ಕದಲ್ಲಿರಲಿ.

ಈಗ ಭಾನುವಾರ. ಇಲ್ಲಿ ನಾನು ಅಮ್ಮನ ಕಡೆ. ಕೆರೆ ದಂಡೆಯಲ್ಲಿ ದೇವರು ಹತ್ತಿರ ಅನ್ನಿಸುವುದು ನಿಜ, ನಾನು ನಂಬುತ್ತೇನೆ. ಆದರೆ ಕೆರೆ ನಿಮ್ಮನ್ನು ನಿಮಗಿಷ್ಟವಿಲ್ಲದವರ ಪಕ್ಕ ಕೂರಿಸುವುದಿಲ್ಲ. ಅವರಿಗೆ ಸಮಾಧಾನದ ಕೈ ನೀಡು ಎಂದು ಹೇಳುವುದಿಲ್ಲ. ಪೂಜೆ ಹೇಳುತ್ತದೆ. ಇನ್ನೊಂದು ವಿಷಯ. ಅರ್ಪಣೆಯ ಹೊತ್ತಿನಲ್ಲಿ ರೊಟ್ಟಿಯನ್ನು ಎತ್ತಿ ಗುರುಗಳು ಏನೆನ್ನುತ್ತಾರೆ, ಗಮನಿಸಿ. ಭೂಮಿಯ ಫಲ, ಮನುಷ್ಯರ ದುಡಿಮೆಯ ಫಲ. ಗೋಧಿ, ದ್ರಾಕ್ಷಿ, ಮಳೆ, ಬಿಸಿಲು ಎಲ್ಲ ಆ ಪೀಠದ ಮೇಲೆ ಬಂದಿರುತ್ತದೆ. ನೀವು ಕೆರೆಯಲ್ಲಿ ಹುಡುಕುವುದು ಅಲ್ಲಿ ಇಲ್ಲ ಅಂದುಕೊಳ್ಳಬೇಡಿ. ಕೀರ್ತನೆ 84ರಲ್ಲಿ ಗುಬ್ಬಿಯೇ ದೇವರ ಪೀಠದ ಹತ್ತಿರ ಮನೆ ಮಾಡಿಕೊಂಡಿದೆ. ಹತ್ತಿರದಲ್ಲಿ ಶನಿವಾರ ಸಂಜೆಯ ಪೂಜೆ ಇದ್ದರೆ ಅದಕ್ಕೆ ಹೋಗಿ, ಭಾನುವಾರದ ಲೆಕ್ಕಕ್ಕೆ ಅದು ಸಲ್ಲುತ್ತದೆ. ಇಲ್ಲದಿದ್ದರೆ ಹಕ್ಕಿಗೆ ಸಂಜೆಯೂ ಇದೆ. ನಾಲ್ಕೂವರೆಯಿಂದ ಆರರ ಬೆಳಕು ಬೆಳಗಿನದಕ್ಕೆ ಏನೂ ಕಡಿಮೆ ಇಲ್ಲ.

ಕೊನೆಗೆ ಪ್ರದರ್ಶನ. ಫಾದರ್ ಹೇಳಿದ್ದು ಒಳ್ಳೆಯ ಮನಸ್ಸಿನಿಂದ. ಆದರೂ ಚಿತ್ರದ ಮೇಲೆ ವಾಕ್ಯ ಅಚ್ಚು ಹಾಕಬೇಡಿ ಎಂದೇ ನನ್ನ ಸಲಹೆ. ಅಕ್ಷರ ಇದ್ದರೆ ಕಣ್ಣು ಮೊದಲು ಅಕ್ಷರಕ್ಕೆ ಹೋಗುತ್ತದೆ. ಓದಿ ಮುಗಿಸಿ ಜನ ಮುಂದಿನ ಚಿತ್ರಕ್ಕೆ ನಡೆಯುತ್ತಾರೆ. ಬಾಗಿಲ ಹತ್ತಿರ ಒಂದು ದೊಡ್ಡ ಹಾಳೆಯಲ್ಲಿ ಕೀರ್ತನೆ 104 ಪೂರ್ತಿ ಹಾಕಿ. ಒಳಗೆ ಚಿತ್ರದ ಕೆಳಗೆ ಹಕ್ಕಿಯ ಕನ್ನಡ ಹೆಸರು, ಕಂಡ ಜಾಗ, ತಿಂಗಳು, ನೀವು ಕಣ್ಣಾರೆ ಕಂಡ ಒಂದು ವಿಷಯ ಬರೆಯಿರಿ. 'ಮಡಿವಾಳ ಹಕ್ಕಿ. ನಮ್ಮ ಶಾಲೆಯ ಹಿಂದೆ, ಮಾರ್ಚ್. ಮೊದಲ ಬೆಲ್‌ಗೆ ಮುಂಚೆಯೇ ಹಾಡು ಶುರು.' ಇಷ್ಟು ಸಾಕು. ಆದಾಮನಿಗೆ ದೇವರು ಕೊಟ್ಟ ಮೊದಲ ಕೆಲಸಗಳಲ್ಲಿ ಪ್ರಾಣಿಗಳಿಗೆ ಹೆಸರಿಡುವುದೂ ಒಂದು. ಕಾಜಾಣ, ಮಿಂಚುಳ್ಳಿ, ಗೀಜಗ, ಮಂಗಟ್ಟೆ ಎಂಬ ಹೆಸರುಗಳನ್ನು ನಿಮ್ಮ ಶಾಲೆಯ ಮಕ್ಕಳು ಅಲ್ಲಿ ಕಲಿಯಲಿ. ಚಿತ್ರಗಳು ಇಪ್ಪತ್ತಕ್ಕಿಂತ ಜಾಸ್ತಿ ಬೇಡ. 12 ಇಂಚು ಅಗಲ 18 ಇಂಚು ಉದ್ದದ ಮ್ಯಾಟ್ ಪ್ರಿಂಟ್ ಮಾಡಿಸಿ, ಹೊಳೆಯುವ ಕಾಗದದಲ್ಲಿ ಸಭಾಂಗಣದ ಟ್ಯೂಬ್‌ಲೈಟ್ ಮಾತ್ರ ಕಾಣುತ್ತದೆ. ಇಪ್ಪತ್ತರಲ್ಲಿ ಮೂರಾದರೂ ಕಾಗೆ, ಗುಬ್ಬಿ, ತುಂಬೆ ಹೂವಿನಂಥವು ಇರಲಿ.

ದಿನ ಯಾವುದು ಎಂದು ನಿಶ್ಚಯ ಆಗಿಲ್ಲದಿದ್ದರೆ ಸೆಪ್ಟೆಂಬರ್ ನೋಡಿ. ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಬೇರೆ ಬೇರೆ ಸಭೆಗಳವರು ಒಟ್ಟಾಗಿ ಸೃಷ್ಟಿಯ ಕಾಲವನ್ನು ಆಚರಿಸುತ್ತಾರೆ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನ ಎಂದು 1989ರಲ್ಲಿ ಮೊದಲು ಸಾರಿದವರು ಆರ್ಥಡಾಕ್ಸ್ ಸಭೆಯ ಕುಲಪಿತರು, 2015ರಲ್ಲಿ ಪೋಪ್ ಫ್ರಾನ್ಸಿಸ್ ನಮ್ಮ ಸಭೆಗೂ ತಂದರು. ನಿಮ್ಮ ಗೆಳತಿಯನ್ನೂ ಕರೆಯಬಹುದು. ಮೊಂತಿ ಹಬ್ಬವೂ ಅದರೊಳಗೇ ಬರುತ್ತದೆ. ಹಬ್ಬಕ್ಕೆ ಮೊದಲಿನ ಒಂದು ದಿನ ಮಕ್ಕಳನ್ನು ಬೇಲಿ ಸುತ್ತಿಸಿ. ಮನೆಯ ಮೊಬೈಲಿನಲ್ಲೇ ಅವರು ಒಂದೊಂದು ಹೂವಿನ ಚಿತ್ರ ತೆಗೆಯಲಿ. ಆಮೇಲೆ ಕೊಯ್ಯಲಿ. ಪ್ರತಿ ಗಿಡದಲ್ಲೂ ನಾಲ್ಕು ಹೂ ಬಿಡಲು ಹೇಳಿ.

ಅದಕ್ಕೂ ಮೊದಲು ಒಂದು ಸಂಜೆ ಅಮ್ಮನನ್ನು ಕೆರೆಗೆ ಕರೆದುಕೊಂಡು ಹೋಗಿ. ಅವತ್ತು ಕ್ಯಾಮೆರಾ ಮನೆಯಲ್ಲಿರಲಿ. ಬೈನಾಕ್ಯುಲರ್ ಅವರ ಕೈಗೆ ಕೊಟ್ಟು, ಮಿಂಚುಳ್ಳಿ ಯಾವ ಕೊಂಬೆಯ ಮೇಲೆ ಕೂರುತ್ತದೆ ಎಂದು ಬೆರಳು ಮಾಡಿ ತೋರಿಸಿ. ಅವರಿಗೆ ಫೋಕಸ್ ಸಿಗಲು ಸ್ವಲ್ಪ ಹೊತ್ತು ಹಿಡಿಯಬಹುದು. ಅವಸರ ಮಾಡಬೇಡಿ.